ಊದಿ ನೋಡಿದರೆ ಕಾಣುವ ಹಕ್ಕಿ

ತಲೆಯ ಪಕ್ಕ ತೂತು, ಬಾಲದ ಬುಡದಲ್ಲಿ ಗಂಟು, ಕತ್ತಿನ ಕೆಳಗೆ ಉಬ್ಬು... ಮನೆಹಕ್ಕಿಯ ಮೈಯಲ್ಲಿ ನಮ್ಮನ್ನು ಗಾಬರಿಗೆ ಕೆಡಹುವ ಸಂಗತಿಗಳಲ್ಲಿ ಬಹುಪಾಲು ಸಹಜ. ನಿಜಕ್ಕೂ ಗಾಬರಿಪಡಬೇಕಾದ ದಿನ ಹಕ್ಕಿ ಸದ್ದಿಲ್ಲದೆ ಮೂಲೆ ಹಿಡಿದಿರುತ್ತದೆ. ನಾವು ‘ನಿದ್ದಿ ಮಾಡ್ತೈತಿ ಬಿಡು’ ಎಂದು ಮುಂದೆ ಹೋಗಿರುತ್ತೇವೆ!

ಏಪ್ರಿಲ್‌ನ ಮಟಮಟ ಮಧ್ಯಾಹ್ನ. ಗುಡೇಕೋಟೆಯ ಬಂಡೆಗಳು ಕಾದಿವೆ. ಪಡಸಾಲೆಯ ತೊಲೆಗೆ ತೂಗುಹಾಕಿದ ಪಂಜರದಲ್ಲಿ ಹಸಿರು ಲವ್ ಬರ್ಡ್ ಒಂದು ಬಾಯಿ ತೆರೆದು ಕೂತಿದೆ. ಪಾಪ, ಸೆಕೆ ಎಂದು ಮನೆಯ ಹುಡುಗಿ ಚೊಂಬಿನಲ್ಲಿ ನೀರು ತಂದು ಚಿಮುಕಿಸಿದಳು. ತಲೆಯ ಪುಕ್ಕ ನೆನೆದು ಚರ್ಮಕ್ಕೆ ಅಂಟಿತು. ಕಣ್ಣಿನ ಹಿಂದೆ, ತುಸು ಕೆಳಗೆ, ಒಂದು ತೂತು ಕಂಡಿತು.

‘ಅಜ್ಜೀ, ಹಕ್ಕಿ ತಲಿಗೆ ತೂತು ಬಿದ್ದೈತಿ ಬಾ!’

ಅಜ್ಜಿ ಪಂಜರದ ಕಡೆ ತಿರುಗಲೂ ಇಲ್ಲ. ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಯನ್ನು ಹಿಡಿದು, ಕಂಕುಳಲ್ಲಿ ಅವುಚಿಕೊಂಡು, ಅದರ ಕೆನ್ನೆಯ ಪುಕ್ಕಕ್ಕೆ ಉಫ್ ಎಂದು ಊದಿದಳು. ಅಲ್ಲೂ ಅಂಥದೇ ತೂತು.

‘ಕಿವಿ ಅದು. ಇದಕ್ಕಿಲ್ಲೇನು? ಹಂಗ ಅದಕ್ಕೂ ಐತಿ. ಹೋಗು, ಕುಡಿಯಾಕ ನೀರಿಡು.’

ಹಕ್ಕಿಗೆ ಹೊರಗಿವಿ ಇಲ್ಲ. ಕಿವಿಯ ತೂತಿನ ಮೇಲೆ ಗಾಳಿ ಆಡುವಂಥ ತೆಳು ಪುಕ್ಕದ ಪರದೆಯಿದೆ, ಅಷ್ಟೆ. ನೆನೆದಾಗ, ಪುಕ್ಕ ಉದುರಿದಾಗ, ಮರಿ ಬೋಳಾಗಿದ್ದಾಗ ಅದು ಕಾಣುತ್ತದೆ. ಆ ಅಜ್ಜಿ ಪಕ್ಷಿಶಾಸ್ತ್ರ ಓದಿದವಳಲ್ಲ. ಜೀವಮಾನವೆಲ್ಲ ಕೋಳಿ ಸಾಕಿದವಳು. ಪಂಜರದ ಹಕ್ಕಿಗೆ ಸಂಬಂಧಿಸಿದ ಅರ್ಧ ಭಯವನ್ನು ನಾಟಿ ಕೋಳಿಯ ಅನುಭವವೇ ಕಳೆಯುತ್ತದೆ ಎಂಬುದು ಈ ಲೇಖಕನ ನಂಬಿಕೆ. ಉಳಿದರ್ಧಕ್ಕೆ ಪಶುವೈದ್ಯರು ಬೇಕು. ಯಾವುದು ಯಾವ ಅರ್ಧಕ್ಕೆ ಸೇರಿದ್ದು ಎನ್ನುವುದೇ ಪ್ರಶ್ನೆ.

ಸಂತೆಯ ಪರೀಕ್ಷೆ

ಗುಡೇಕೋಟೆ ಕೂಡ್ಲಿಗಿ ತಾಲ್ಲೂಕಿನ ಕಲ್ಲುಗುಡ್ಡಗಳ ಊರು. ಪಾಳೆಯಗಾರರ ಕೋಟೆ, ಕರಡಿಧಾಮ, ಒನಕೆ ಓಬವ್ವನ ತವರೆಂಬ ಪ್ರತೀತಿ, ಇವು ಹೊರಗಿನವರಿಗೆ ಗೊತ್ತಿರುವ ಗುಡೇಕೋಟೆ. ಒಳಗಿನವರಿಗೆ ಇದು ಶೇಂಗಾ, ಸಜ್ಜೆ, ನವಣೆ, ಕುರಿ, ಕೋಳಿಯ ಊರು. ಈಚಿನ ವರ್ಷಗಳಲ್ಲಿ ಮಕ್ಕಳ ಹಟಕ್ಕೆ ಪೇಟೆಯಿಂದ ಬಂದ ಪಂಜರಗಳೂ ಪಡಸಾಲೆ ಸೇರಿವೆ. ಅವುಗಳೊಳಗಿರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗಾರ್. ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಲೋಕವೆಲ್ಲ ಹಬ್ಬಿದ ಪುಟ್ಟ ಗಿಳಿ ಇದು. ನಮ್ಮ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಜೋಡಿ ಲೆಕ್ಕದಲ್ಲಿ ಮಾರುವುದು ಇದನ್ನೇ.

ಸಂತೆಯಲ್ಲಿ ಕೋಳಿ ಕೊಳ್ಳುವವರ ಕೈಯನ್ನು ಒಮ್ಮೆ ಗಮನಿಸಿ. ಮೊದಲು ರೆಕ್ಕೆಯ ಬುಡ ಹಿಡಿದು ಎತ್ತಿ ತೂಕ ನೋಡುತ್ತಾರೆ. ಎದೆಯ ಕೆಳಗೆ ಬೆರಳಾಡಿಸುತ್ತಾರೆ. ಜುಟ್ಟು ಕೆಂಪಗಿದೆಯೇ, ಕಣ್ಣು ಹೊಳಪಾಗಿದೆಯೇ ಎಂದು ನೋಡುತ್ತಾರೆ. ಕತ್ತಿನ ಚೀಲ ಹಿಚುಕುತ್ತಾರೆ. ಕಾಳಿದೆಯೋ, ತೂಕ ಹೆಚ್ಚಿಸಲು ನೀರು ಕುಡಿಸಿದ್ದಾರೋ ತಿಳಿಯಬೇಕಲ್ಲ. ಬಾಲ ಎತ್ತಿ ಹಿಂಭಾಗದ ಪುಕ್ಕ ಒಣಗಿದೆಯೇ, ಹಿಕ್ಕೆ ಮೆತ್ತಿದೆಯೇ ಎಂದು ಇಣುಕುತ್ತಾರೆ. ಕೊನೆಗೆ ಹೊಟ್ಟೆಯ ಪುಕ್ಕಕ್ಕೆ ಊದಿ ಹೇನು ಹುಡುಕುತ್ತಾರೆ. ಅರ್ಧ ನಿಮಿಷವೂ ಹಿಡಿಯದ ಈ ಕೆಲಸ, ಪಶುವೈದ್ಯಕೀಯ ಕಾಲೇಜಿನಲ್ಲಿ ಹಕ್ಕಿಯ ದೈಹಿಕ ತಪಾಸಣೆ ಎಂದು ಕಲಿಸುವುದಕ್ಕೆ ತೀರಾ ಹತ್ತಿರದ್ದು.

ಅದೇ ಮನುಷ್ಯ ಮಗಳಿಗೆಂದು ಬಣ್ಣದ ಹಕ್ಕಿ ಕೊಳ್ಳುವಾಗ ಬಣ್ಣ ಒಂದನ್ನೇ ನೋಡಿ ದುಡ್ಡು ಕೊಡುತ್ತಾನೆ! ವಿಚಿತ್ರ, ಆದರೆ ನಿಜ.

ಪುಕ್ಕದ ಕೆಳಗಿನ ಬಯಲು

ಹಕ್ಕಿಯ ಮೈಯೆಲ್ಲ ಪುಕ್ಕವೇ ಬೆಳೆಯುತ್ತದೆ ಎಂಬುದು ಕಣ್ಣಿನ ಭ್ರಮೆ. ಪುಕ್ಕ ಹುಟ್ಟುವುದು ಸಾಲುಸಾಲಾಗಿ, ಕೆಲವೇ ಪಟ್ಟಿಗಳಲ್ಲಿ. ನಡುವೆ ಬೋಳು ಚರ್ಮವಿದೆ. ಪಕ್ಕದ ಸಾಲಿನ ಪುಕ್ಕ ಅದರ ಮೇಲೆ ಹೊದಿಕೆ ಹಾಸುತ್ತದೆ. ಕತ್ತಿನ ಪಕ್ಕ ಊದಿದರೆ ತೆಳು ಗುಲಾಬಿ ಚರ್ಮ ಕಾಣುತ್ತದೆ. ಒಳಗಿನ ನೀಲಿ ರಕ್ತನಾಳವೂ ಕಾಣಬಹುದು. ಅದು ಪುಕ್ಕ ಉದುರುವ ರೋಗವಲ್ಲ. ಕಾವಿಗೆ ಕೂತ ಹೆಣ್ಣಿನ ಹೊಟ್ಟೆ ಬೋಳಾಗುವುದೂ ಸಹಜ. ಮೊಟ್ಟೆಗೆ ಮೈಶಾಖ ನೇರ ತಾಗಲೆಂದು ಅಲ್ಲಿಯ ಪುಕ್ಕ ತಾನೇ ಉದುರುತ್ತದೆ.

ಬೋಳು ಜಾಗ ಹೊರಗಿನಿಂದಲೇ ಕಂಡರೆ, ಅಂಚಿನ ಪುಕ್ಕ ಕಚ್ಚಿ ತುಂಡಾಗಿದ್ದರೆ ಮಾತು ಬೇರೆ. ಒಂಟಿತನ, ಬೇಸರ, ಹುಳ, ಚರ್ಮದ ಸೋಂಕು ಯಾವುದೂ ಇರಬಹುದು. ಒಂದು ಸುಳಿವು ನೆನಪಿಡಿ: ತಾನೇ ಕಿತ್ತುಕೊಳ್ಳುವ ಹಕ್ಕಿಗೆ ತಲೆಯ ಪುಕ್ಕ ಸಿಗುವುದಿಲ್ಲ. ತಲೆಯೂ ಬೋಳಾಗಿದ್ದರೆ ಕಿತ್ತದ್ದು ಜೊತೆಗಾರ ಹಕ್ಕಿ, ಇಲ್ಲವೇ ಕಾರಣ ಕಾಯಿಲೆ.

ಪುಕ್ಕ ಬದಲಾಗುವ ದಿನಗಳಲ್ಲಿ ತಲೆತುಂಬ ಬಿಳಿ ಮುಳ್ಳು ಎದ್ದಂತೆ ಕಾಣುತ್ತದೆ. ಮೇಣದ ಕೊಳವೆಯೊಳಗೆ ಸುತ್ತಿಟ್ಟ ಹೊಸ ಪುಕ್ಕ ಅದು. ರೆಕ್ಕೆ, ಬಾಲದ ದೊಡ್ಡ ಪುಕ್ಕ ಬೆಳೆಯುವಾಗ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಪಂಜರದ ಸರಳಿಗೆ ತಾಗಿ ಮುರಿದರೆ ಸುರಿಯುತ್ತದೆ. ಸಾಮಾನ್ಯ ಬಜರಿಗಾರ್‌ನ ತೂಕ 30ರಿಂದ 40 ಗ್ರಾಂ. ಅದರ ಮೈಯಲ್ಲಿರುವ ಒಟ್ಟು ರಕ್ತ ಒಂದು ಟೀಚಮಚವೂ ಆಗುವುದಿಲ್ಲ. ನಮಗೆ ನಾಲ್ಕು ಹನಿ ಎನಿಸುವುದು ಅದಕ್ಕೆ ದೊಡ್ಡ ಗಾಯ. ಮೈದಾ ಅಥವಾ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ನಿಲ್ಲದಿದ್ದರೆ ವೈದ್ಯರ ಬಳಿ ಓಡಿ.

ಬಾಲದ ಬುಡದ ಬೆನ್ನಿನ ಮೇಲೆ ಮೊಡವೆಯಂಥ ಗಂಟು ಇದೆಯೇ? ಕೋಳಿ ಸುಲಿದವರೆಲ್ಲ ಕಂಡಿರುವ ಎಣ್ಣೆಗ್ರಂಥಿ ಅದು. ಹಕ್ಕಿ ಕೊಕ್ಕನ್ನು ಅಲ್ಲಿಗೆ ಒಯ್ದು, ಎಣ್ಣೆ ತೆಗೆದು, ಪುಕ್ಕಕ್ಕೆಲ್ಲ ಸವರುತ್ತದೆ. ಬಜರಿಗಾರ್‌ಗೂ ಇದೆ. ಅದನ್ನು ಹಿಚುಕಲು ಹೋಗಬೇಡಿ. ಒಂದು ಬದಿ ಮಾತ್ರ ಊದಿದ್ದರೆ, ಕೆಂಪಾಗಿದ್ದರೆ, ಗಾಯವಾಗಿದ್ದರೆ ಚಿಂತಿಸಬೇಕು.

ಇನ್ನು ಕಾಲು. ಬಜರಿಗಾರ್‌ಗೆ ಮುಂದೆ ಎರಡು, ಹಿಂದೆ ಎರಡು ಬೆರಳು. ಕೋಳಿಗೆ ಮುಂದೆ ಮೂರು, ಹಿಂದೆ ಒಂದು. ಕೋಳಿ ಕಂಡ ಕಣ್ಣಿಗೆ ಗಿಳಿಯ ಬೆರಳು ಮುರಿದು ಹಿಂದಕ್ಕೆ ಮಡಚಿದಂತೆ ಕಂಡರೆ ಆಶ್ಚರ್ಯವಿಲ್ಲ. ಅಜ್ಜಿಯ ಕೋಳಿಪಾಠ ಕೈಕೊಡುವ ಒಂದೇ ಜಾಗ ಇದು! ಹಿಂದಕ್ಕೆ ಬಾಗುವ ‘ಮೊಣಕಾಲು’ ಕೂಡ ನಿಜವಾಗಿ ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಹೊಟ್ಟೆಯ ಪುಕ್ಕದೊಳಗೆ ಅಡಗಿದೆ.

ಚೀಲ ಮತ್ತು ಬಟ್ಟಲು

ಕತ್ತಿನ ಬುಡದಲ್ಲಿ ಉಬ್ಬು ಕಂಡರೆ ಗಂಟು, ಗಳಗಂಡ, ಕ್ಯಾನ್ಸರ್ ಎಂದೆಲ್ಲ ಊಹೆ ಓಡುತ್ತದೆ. ಹೆಚ್ಚಿನ ಸಲ ಅದು ಕಾಳಿನ ಚೀಲ. ನುಂಗಿದ್ದು ಮೊದಲು ಅಲ್ಲಿ ನೆನೆಯುತ್ತದೆ, ಆಮೇಲೆ ರಸ ಸುರಿಸುವ ಹೊಟ್ಟೆಗೆ, ಅಲ್ಲಿಂದ ಕಾಳು ಅರೆಯುವ ಗಟ್ಟಿ ಮಾಂಸದ ಹೊಟ್ಟೆಗೆ ಸಾಗುತ್ತದೆ. ಕೋಳಿ ಸಣ್ಣ ಕಲ್ಲು ನುಂಗುವುದು ಈ ಅರೆತಕ್ಕಾಗಿ.

ಚೀಲದ ಪರೀಕ್ಷೆ ಸುಲಭ. ಸಂಜೆ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಗಾದರೂ ಉಬ್ಬಿದ್ದರೆ, ಒತ್ತಿದಾಗ ನೀರಿನಂತೆ ತುಳುಕಿದರೆ, ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಕಾಳು ಹುದುಗುತ್ತಿದೆ. ಕಲ್ಲಿನಂತೆ ಗಟ್ಟಿಯಿದ್ದರೆ ನಾರು, ದಾರ, ಹುಲ್ಲು ಸಿಕ್ಕಿಕೊಂಡಿರಬಹುದು. ತಲೆಕೆಳಗೆ ಹಿಡಿದು ಹಿಚುಕಿ ವಾಂತಿ ಮಾಡಿಸುವುದನ್ನು ಕೆಲವರು ಮಾಡುತ್ತಾರೆ. ದ್ರವ ಶ್ವಾಸನಾಳಕ್ಕೆ ನುಗ್ಗಿದರೆ ಹಕ್ಕಿ ಕೈಯಲ್ಲೇ ಸಾಯುತ್ತದೆ.

ಎಲ್ಲ ವಾಂತಿಯೂ ವಾಂತಿಯಲ್ಲ, ಅದೂ ತಿಳಿದಿರಲಿ. ಗಂಡು ಬಜರಿಗಾರ್ ತಲೆಯನ್ನು ಮೇಲೆ ಕೆಳಗೆ ಆಡಿಸಿ, ನುಂಗಿದ ಕಾಳನ್ನು ಮೇಲೆ ತಂದು, ಹೆಣ್ಣಿಗೆ ಗುಟುಕು ಕೊಡುತ್ತದೆ. ಹೆಣ್ಣಿಲ್ಲದಿದ್ದರೆ ಪಂಜರದ ಕನ್ನಡಿಗೇ ಕೊಡುತ್ತದೆ. ಅದು ಪ್ರೇಮ. ತಲೆಯನ್ನು ಅಡ್ಡಡ್ಡ ಒದರಿ, ಕಾಳು ಅಂಟುಅಂಟಾಗಿ ನೆತ್ತಿಗೆ ಮೆತ್ತಿಕೊಂಡರೆ ಅದು ಕಾಯಿಲೆ. ಪಾರಿವಾಳದ ಕತ್ತಿನ ಚೀಲ ಇನ್ನೂ ಒಂದು ಹೆಜ್ಜೆ ಮುಂದೆ. ಮರಿ ಹುಟ್ಟುವ ಹೊತ್ತಿಗೆ ಚೀಲದ ಒಳಪದರ ದಪ್ಪವಾಗಿ ಗಿಣ್ಣಿನಂಥ ಹಾಲಾಗುತ್ತದೆ. ತಾಯಿಯಷ್ಟೇ ತಂದೆಯೂ ಮರಿಗೆ ಈ ಹಾಲು ಉಣಿಸುತ್ತದೆ.

ಚೀಲದಷ್ಟೇ ಬಟ್ಟಲನ್ನೂ ನೋಡಬೇಕು. ಬಜರಿಗಾರ್ ಕಾಳಿನ ಸಿಪ್ಪೆ ಸುಲಿದು ತಿರುಳನ್ನು ನುಂಗಿ, ಸಿಪ್ಪೆಯನ್ನು ಅಲ್ಲೇ ಬಟ್ಟಲಿಗೆ ಬೀಳಿಸುತ್ತದೆ. ಎರಡು ದಿನದ ಮೇಲೂ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ‘ಹಾಕಿದ ನವಣಿ ಹಂಗ ಐತಿ, ತಿಂತಾನ ಇಲ್ಲ’ ಎನ್ನುತ್ತಾರೆ. ಬಟ್ಟಲಿಗೆ ಒಮ್ಮೆ ಊದಿ. ಸಿಪ್ಪೆಯೆಲ್ಲ ಹಾರಿ ತಳ ಕಾಣಿಸಿದರೆ, ತುಂಬಿದ ಬಟ್ಟಲಿನ ಮುಂದೆ ಹಕ್ಕಿ ಉಪವಾಸ ಕೂತಿದೆ ಎಂದರ್ಥ. ಇಷ್ಟು ಪುಟ್ಟ ಹಕ್ಕಿ ಒಂದು ಹಗಲು ಉಪವಾಸವಿದ್ದರೂ ಜೀವಕ್ಕೆ ಕುತ್ತು.

ನಮ್ಮ ಸೀಮೆಯ ನವಣೆ ಬಜರಿಗಾರ್‌ಗೆ ಒಳ್ಳೆಯ ಕಾಳು. ಆದರೆ ಬರೀ ಕಾಳೇ ಆಹಾರವಾದರೆ ಎ ಜೀವಸತ್ವ, ಅಯೋಡಿನ್, ಸುಣ್ಣದಂಶ ಸಾಲದು. ನುಗ್ಗೆಸೊಪ್ಪು, ಕೊತ್ತಂಬರಿ, ಕ್ಯಾರೆಟ್ ತುರಿ, ಸಮುದ್ರದ ಕಪ್ಪೆಬೊಂಡಾಸಿನ ಮೂಳೆ (ಕಟಲ್‌ಬೋನ್) ಜೊತೆಗಿರಲಿ. ಶೇಂಗಾ ವಿಷಯದಲ್ಲಿ ಮಾತ್ರ ಹುಷಾರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ, ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಟಾಕ್ಸಿನ್ ಎಂಬ ವಿಷ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಹಾಗೆ. ಒಕ್ಕಣೆಯ ನಂತರ ಮೂಲೆಯಲ್ಲಿ ಉಳಿದ ಮುಗ್ಗಲು ಕಾಯಿಯನ್ನು ‘ಕೋಳಿ ತಿನ್ಲಿ’ ಎಂದು ಎಸೆಯುವ ರೂಢಿಯಿದ್ದರೆ ಬಿಡುವುದು ವಾಸಿ.

ಚೌಕಟ್ಟು: ಮುಟ್ಟಿದರೆ ಬಿಸಿ, ಅದು ಜ್ವರವಲ್ಲ
ಹಕ್ಕಿಯ ಸಹಜ ಮೈಶಾಖ 40ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮದು 37. ಆರೋಗ್ಯವಂತ ಹಕ್ಕಿ ಕೈಗೆ ಬೆಚ್ಚಗೇ ಸಿಗುತ್ತದೆ. ಕೋಳಿಯ ಎದೆ ನಿಮಿಷಕ್ಕೆ 250ಕ್ಕೂ ಹೆಚ್ಚು ಸಲ ಬಡಿಯುತ್ತದೆ, ಬಜರಿಗಾರ್‌ನದು ಇನ್ನೂ ಜೋರು. ನಮ್ಮ ಕತ್ತಿನಲ್ಲಿ 7 ಮೂಳೆ, ಕೋಳಿಯ ಕತ್ತಿನಲ್ಲಿ 14. ತಲೆಯನ್ನು ಬೆನ್ನಿಗೆ ತಿರುಗಿಸಿ ಪುಕ್ಕದಲ್ಲಿ ಹುದುಗಿಸಿ ಮಲಗುವುದು ಅದರಿಂದಲೇ ಸಾಧ್ಯ. ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಸರ್‍ರನೆ ಹಾದುಹೋದರೆ ಅದು ಮೂರನೇ ರೆಪ್ಪೆ. ಹಾದುಹೋಗದೆ ಅಲ್ಲೇ ನಿಂತರೆ ವೈದ್ಯರಿಗೆ ತೋರಿಸಿ.

ಉಸಿರು: ಇಲ್ಲಿ ತಪ್ಪು ಆಗಬಾರದು

ಬೇಸಿಗೆಯ ಮಾತಿಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಏಪ್ರಿಲ್–ಮೇನಲ್ಲಿ ಪಾದರಸ 40ರ ಆಸುಪಾಸು ಆಡುತ್ತದೆ. ಹಕ್ಕಿಗೆ ಬೆವರುಗ್ರಂಥಿ ಇಲ್ಲ. ಮೈಯ ಬಿಸಿಯನ್ನು ಅದು ಬಾಯಿಯ ಮೂಲಕ ಹೊರಹಾಕಬೇಕು. ಕೊಕ್ಕು ತೆರೆದು, ಗಂಟಲು ಅದುರಿಸಿ, ರೆಕ್ಕೆಯನ್ನು ಮೈಯಿಂದ ಸ್ವಲ್ಪ ಎತ್ತಿ ಹಿಡಿಯುತ್ತದೆ. ಅಂಗಳದ ಕೋಳಿಯೂ ಅಷ್ಟೇ, ಬೇವಿನ ಮರದ ಕಾಗೆಯೂ ಅಷ್ಟೇ.

ಪಕ್ಕದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹೋದರೆ ಇದರ ದೊಡ್ಡ ಪ್ರದರ್ಶನವೇ ಇದೆ. ಹಿಂದೆಂದೋ ನೀರಾವರಿಗೆ ಕಟ್ಟಿದ ಈ ಕೆರೆ ಇಂದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆಗಳ ಜೊತೆಗೆ ರಾಮ್‌ಸಾರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಇಲ್ಲಿಯ ಹೆಸರಾಂತ ನಿವಾಸಿಗಳು. ಕೊಕ್ಕರೆಗಳ ಜಾತಿಗೆ ಇನ್ನೊಂದು ಉಪಾಯವೂ ಗೊತ್ತು: ಸೆಕೆ ಮಿತಿಮೀರಿದರೆ ತಮ್ಮ ಕಾಲಿನ ಮೇಲೆ ತಾವೇ ನೀರಾದ ಹಿಕ್ಕೆ ಹಾಕಿಕೊಂಡು ತಂಪಾಗುತ್ತವೆ. ಪಂಜರದ ಹಕ್ಕಿಗೆ ಆ ವಿದ್ಯೆಯೂ ಇಲ್ಲ, ನೆರಳಿಗೆ ಹಾರಿಹೋಗುವ ದಾರಿಯೂ ಇಲ್ಲ. ತಗಡಿನ ಮಾಡಿನ ಕೆಳಗೆ ನೇತಾಡುವ ಪಂಜರವನ್ನು ನೆರಳಿಗೆ ಇಳಿಸುವ ಜವಾಬ್ದಾರಿ ನಮ್ಮದೇ. ಸ್ನಾನಕ್ಕೆ ಅಗಲ ತಟ್ಟೆಯಲ್ಲಿ ನೀರಿಡಿ, ಪಕ್ಕದಲ್ಲಿ ಒದ್ದೆ ಗೋಣಿ ತೂಗುಬಿಡಿ. ಐಸ್ ನೀರಿನಲ್ಲಿ ಅದ್ದುವ ಸಾಹಸ ಬೇಡ.

ಹಾಗಾದರೆ ಬಾಯಿ ತೆರೆದದ್ದು ಸೆಕೆಗೋ, ಕಾಯಿಲೆಗೋ? ತಂಪು ಜಾಗಕ್ಕೆ ತಂದು ಸ್ವಲ್ಪ ಹೊತ್ತು ಕಾಯಿರಿ. ಸೆಕೆಯದ್ದಾದರೆ ಕೊಕ್ಕು ಮುಚ್ಚುತ್ತದೆ. ತಂಪು ಹೊತ್ತಿನಲ್ಲೂ ಕೊಕ್ಕು ತೆರೆದೇ ಇದ್ದರೆ, ಉಸಿರಿನ ಜೊತೆ ಟಿಕ್ ಟಿಕ್ ಅಥವಾ ಸುಯ್ ಎಂಬ ಸದ್ದು ಬಂದರೆ ಕಾಯಿಲೆ. ಎಲ್ಲಕ್ಕಿಂತ ನಂಬಬಹುದಾದ ಗುರುತು ಬಾಲ. ಸುಮ್ಮನೆ ಕೂತ ಹಕ್ಕಿಯ ಬಾಲ ಪ್ರತಿ ಉಸಿರಿಗೂ ಮೇಲೆ ಕೆಳಗೆ ತೂಗುತ್ತಿದ್ದರೆ ಅದು ಉಸಿರಿಗಾಗಿ ಇಡೀ ಮೈಯಿಂದ ದುಡಿಯುತ್ತಿದೆ. ಹಾಡಿದ ಮೇಲೆ, ಹಾರಿದ ಮೇಲೆ ಒಂದೆರಡು ನಿಮಿಷ ಹೀಗಾದರೆ ಪರವಾಗಿಲ್ಲ. ಬೇರೆ ಹೊತ್ತಿನಲ್ಲಾದರೆ ನಾಳೆ ನೋಡೋಣ ಎನ್ನುವಂತಿಲ್ಲ.

ಹಕ್ಕಿಯ ಉಸಿರಾಟದ ಏರ್ಪಾಡೇ ಬೇರೆ. ನಮಗಿರುವಂಥ ವಪೆ ಅದಕ್ಕಿಲ್ಲ. ಶ್ವಾಸಕೋಶ ಬೆನ್ನಿಗೆ ಅಂಟಿಕೊಂಡು ಅಲುಗದೆ ಇರುತ್ತದೆ. ಅದರ ಸುತ್ತ, ಸಾಮಾನ್ಯವಾಗಿ ಒಂಬತ್ತು, ಗಾಳಿಚೀಲಗಳು. ಎದೆಗೂಡು ಹಿಗ್ಗಿ ಕುಗ್ಗಿದಾಗ ಚೀಲಗಳು ತಿದಿಯಾಗಿ ಗಾಳಿಯನ್ನು ಶ್ವಾಸಕೋಶದೊಳಗೆ ಒಂದೇ ದಿಕ್ಕಿನಲ್ಲಿ ಹಾಯಿಸುತ್ತವೆ. ಒಮ್ಮೆ ಎಳೆದ ಗಾಳಿ ಪೂರ್ತಿ ಹೊರಬರಲು ಎರಡು ಉಸಿರು ಬೇಕು. ಕೆಲವು ಗಾಳಿಚೀಲ ರೆಕ್ಕೆಯ ಮೇಲ್ಮೂಳೆಯೊಳಕ್ಕೂ ಚಾಚಿವೆ. ಶ್ವಾಸನಾಳ ಕಟ್ಟಿದರೂ ಮುರಿದ ರೆಕ್ಕೆಮೂಳೆಯ ಮೂಲಕ ಹಕ್ಕಿ ಉಸಿರಾಡಬಲ್ಲದು ಎಂದು ಜಾನ್ ಹಂಟರ್ ಎಂಬ ಶಸ್ತ್ರವೈದ್ಯ ಹದಿನೆಂಟನೇ ಶತಮಾನದಲ್ಲೇ ತೋರಿಸಿದ್ದ.

ಇದರಿಂದ ಮನೆಯವರು ಕಲಿಯಬೇಕಾದದ್ದು ಎರಡು. ಮೊದಲನೆಯದು, ಎದೆ ಹಿಗ್ಗದಿದ್ದರೆ ಉಸಿರಿಲ್ಲ. ಮಕ್ಕಳು ಪ್ರೀತಿಯಿಂದ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಹಕ್ಕಿ ಉಸಿರುಗಟ್ಟುತ್ತದೆ. ಹಿಡಿಯಬೇಕಾದರೆ ತಲೆಯನ್ನು ಎರಡು ಬೆರಳ ನಡುವೆ ನಿಲ್ಲಿಸಿ, ಎದೆಯನ್ನು ಸಡಿಲ ಬಿಡಬೇಕು. ಎರಡನೆಯದು ಹೊಗೆ. ಗಾಳಿಯನ್ನು ಇಷ್ಟು ಚೆನ್ನಾಗಿ ಹೀರುವ ಮೈ ವಿಷವನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಸೌದೆ ಒಲೆ, ಸೊಳ್ಳೆ ಬತ್ತಿ, ಗೋಡೆಗೆ ಹೊಡೆವ ಬಣ್ಣ ಯಾವುದೂ ಒಳ್ಳೆಯದಲ್ಲ. ಖಾಲಿ ನಾನ್‌ಸ್ಟಿಕ್ ತವೆ ಒಲೆಯ ಮೇಲೆ ಮರೆತು ಕಾದುಹೋದರೆ ಬರುವ, ನಮಗೆ ವಾಸನೆಯೂ ತಿಳಿಯದ ಆವಿ ಅಡುಗೆಮನೆಯ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಪಂಜರಕ್ಕೆ ಅಡುಗೆಮನೆ ಜಾಗವೇ ಅಲ್ಲ.

ಎದೆಮೂಳೆ ಸುಳ್ಳು ಹೇಳುವುದಿಲ್ಲ

ಕಾಡಿನಲ್ಲಿ ಕಾಯಿಲೆ ಬಿದ್ದಂತೆ ಕಂಡ ಹಕ್ಕಿಯನ್ನು ಹದ್ದು ಮೊದಲು ಎತ್ತುತ್ತದೆ. ಹಾಗಾಗಿ ಹಕ್ಕಿ ಕೊನೆಯವರೆಗೂ ಗಟ್ಟಿಯಿರುವಂತೆ ನಟಿಸುತ್ತದೆ. ‘ನಿನ್ನೆ ಚೆನ್ನಾಗಿತ್ತು, ಇವತ್ತು ಸತ್ತಿತು’ ಎಂಬ ಮಾತು ಸಾಮಾನ್ಯ. ನಿನ್ನೆಯೂ ಚೆನ್ನಾಗಿರಲಿಲ್ಲ, ಪುಕ್ಕ ಮುಚ್ಚಿಟ್ಟಿತ್ತು.

ಮುಚ್ಚಿಡಲಾಗದ್ದು ಎದೆಮೂಳೆ. ಎದೆಯ ನಡುವೆ ಉದ್ದಕ್ಕೆ ಇಳಿದಿರುವ ಈ ಮೂಳೆಯ ಎರಡೂ ಬದಿಗೆ ಹಾರುವ ಮಾಂಸವಿದೆ. ಬೆರಳಾಡಿಸಿದರೆ ಮಾಂಸ ದುಂಡಗೆ ಸಿಗಬೇಕು, ಮೂಳೆಯ ಅಂಚು ಮಾತ್ರ ತೆಳ್ಳಗೆ ತಾಗಬೇಕು. ಮೂಳೆ ಚೂಪಾಗಿ ಎದ್ದು ಎರಡೂ ಬದಿ ಹಳ್ಳವಾಗಿದ್ದರೆ ಹಕ್ಕಿ ದಿನಗಳಿಂದ ಸೊರಗುತ್ತಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ಬೆಳಿಗ್ಗೆ, ಕಾಳು ತಿನ್ನುವ ಮೊದಲು, ಸಣ್ಣ ಡಬ್ಬಿಯಲ್ಲಿ ಕೂರಿಸಿ ತೂಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. 40 ಗ್ರಾಂ ಇದ್ದದ್ದು 36ಕ್ಕೆ ಇಳಿದರೆ ನಮ್ಮ ಕಣ್ಣಿಗೆ ಏನೂ ಕಾಣದು. 60 ಕೆಜಿಯ ಮನುಷ್ಯ 6 ಕೆಜಿ ಕಳೆದುಕೊಂಡಷ್ಟು ಅದು.

ಉಳಿದ ಗುರುತುಗಳು ನಡತೆಯಲ್ಲಿವೆ. ಒಂಟಿ ಕಾಲಲ್ಲಿ ನಿಂತು ನಿದ್ದೆ ಮಾಡುವುದು ಸಹಜ. ಎರಡೂ ಕಾಲೂರಿ, ಮೈ ಉಬ್ಬಿಸಿ, ಕಣ್ಣು ಅರೆಮುಚ್ಚಿ ಹಗಲೆಲ್ಲ ಕೂತರೆ ಸಹಜವಲ್ಲ. ನಿದ್ದೆಗೆ ಮುನ್ನ ಕೊಕ್ಕು ಮಸೆಯುವ ಕರಕರ ಸದ್ದು ನೆಮ್ಮದಿಯದು. ಕೊಂಬೆ ಬಿಟ್ಟು ಪಂಜರದ ತಳಕ್ಕೆ ಇಳಿದದ್ದು ನೆಮ್ಮದಿಯದಲ್ಲ.

ಹಾಸಿದ ಕಾಗದ

ಪಂಜರದ ತಳಕ್ಕೆ ದಿನವೂ ಹೊಸ ಕಾಗದ ಹಾಸಿ. ಭಾನುವಾರದ ಪುರವಣಿಗೆ ಅಂತಿಮವಾಗಿ ಸಲ್ಲುವ ಗೌರವ ಅದೇ ಎಂಬುದು ಬರೆಯುವವರಿಗೂ ಗೊತ್ತು! ಬಿಳಿ ಕಾಗದವಾದರೆ ಇನ್ನೂ ಒಳ್ಳೆಯದು, ಬಣ್ಣ ಚೆನ್ನಾಗಿ ಕಾಣುತ್ತದೆ.

ಹಕ್ಕಿಗೆ ಮಲ, ಮೂತ್ರ, ಮೊಟ್ಟೆ ಮೂರಕ್ಕೂ ಒಂದೇ ದಾರಿ. ಹಾಗಾಗಿ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ: ಹಸಿರು ಅಥವಾ ಕಂದು ಸುರುಳಿ ಮಲ, ಸುಣ್ಣದಷ್ಟು ಬೆಳ್ಳಗಿನ ಭಾಗ ಮೂತ್ರದ ಯೂರಿಕ್ ಆಮ್ಲ, ಸುತ್ತ ಒದ್ದೆ ಮಾಡುವ ನೀರು. ಸೌತೆಕಾಯಿ, ಕಲ್ಲಂಗಡಿ ತಿಂದ ದಿನ ನೀರು ಹೆಚ್ಚು. ಅದನ್ನು ಭೇದಿ ಎನ್ನುವುದು ಅನ್ಯಾಯ. ಬೀಟ್‌ರೂಟ್ ತಿಂದರೆ ಕೆಂಪು. ಸಹಜವಲ್ಲದ್ದು ಯಾವುದು? ಬಿಳಿ ಭಾಗ ಹಳದಿ ಅಥವಾ ಪಚ್ಚೆಗೆ ತಿರುಗಿದ್ದು ಯಕೃತ್ತಿನ ತೊಂದರೆಯ ಸೂಚನೆ. ಅರಗದ ಇಡೀ ಕಾಳು ಹೊರಬಂದದ್ದು, ರಕ್ತ, ಡಾಂಬರಿನಂಥ ಕಪ್ಪು, ಇಡೀ ದಿನಕ್ಕೆ ಎರಡೇ ಹಿಕ್ಕೆ, ಇವೂ ಕೆಟ್ಟ ಸುದ್ದಿ.

ಒಣಗಿದ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸಬೇಡಿ, ನೀರು ಚಿಮುಕಿಸಿ ತೆಗೆಯಿರಿ. ಗಿಳಿ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೂ ಹರಡುವ ಗಿಳಿಜ್ವರ ಈ ಧೂಳಿನಲ್ಲೇ ಬರುತ್ತದೆ. ಮನೆಯವರಿಗೆ ಬಿಡದ ಜ್ವರ, ಒಣಕೆಮ್ಮು ಬಂದರೆ ಹಕ್ಕಿ ಸಾಕಿದ್ದೇವೆಂದು ವೈದ್ಯರಿಗೆ ಹೇಳಿ.

ಮೂಗಿನ ಬಣ್ಣ, ಕಾಲಿನ ಹುರುಪೆ

ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿರುವ ಪಟ್ಟಿ ಬಲಿತ ಗಂಡು ಬಜರಿಗಾರ್‌ಗೆ ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಬಿಳಿಚು ಅಥವಾ ಕಂದು. ಮೊಟ್ಟೆಯ ಹಂಗಾಮಿನಲ್ಲಿ ಹೆಣ್ಣಿನ ಪಟ್ಟಿ ದಪ್ಪ ಕಂದಾಗಿ ಪದರ ಬಿಡುತ್ತದೆ, ತೊಂದರೆಯಿಲ್ಲ. ನೀಲಿ ಮೂಗಿನ ಗಂಡು ನಿಧಾನಕ್ಕೆ ಕಂದಾಗತೊಡಗಿದರೆ ಮಾತ್ರ ವೃಷಣದ ಗಡ್ಡೆಯ ಶಂಕೆ ಬರುತ್ತದೆ.

ಕೊಕ್ಕಿನ ಬುಡದಲ್ಲಿ ಸಣ್ಣ ತೂತುಗಳಿರುವ ಬೂದು ಹುರುಪೆ ಎದ್ದರೆ ಅದು ಹುಳ. ಕೋಳಿಯ ಕಾಲಿನ ಚಿಪ್ಪು ಎಬ್ಬಿಸುವ ಹುಳದ ದಾಯಾದಿ. ಕೋಳಿಯ ಕಾಲಿಗೆ ಸೀಮೆಎಣ್ಣೆ ಹಚ್ಚುವವರಿದ್ದಾರೆ. ಕೋಳಿಗೇ ಅದು ಉರಿ, ಪುಟ್ಟ ಹಕ್ಕಿಗೆ ವಿಷ. ವೈದ್ಯರ ಬಳಿ ಹನಿ ಲೆಕ್ಕದ ಔಷಧಿಯಿದೆ, ಗುಣವಾಗುತ್ತದೆ.

ಗಂಡಿಲ್ಲದೆಯೂ ಹೆಣ್ಣು ಮೊಟ್ಟೆಯಿಡುತ್ತದೆ, ಅದಕ್ಕೆ ಬೆರಗಾಗಬೇಡಿ. ಆದರೆ ಹೊಟ್ಟೆ ಉಬ್ಬಿ, ತಳದಲ್ಲಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಗಂಟೆಗಳ ಲೆಕ್ಕದ ತುರ್ತು ಇದು. ಬೆಚ್ಚಗಿಟ್ಟು ಕರೆದೊಯ್ಯಬೇಕು, ಒತ್ತಿ ತೆಗೆಯಬಾರದು.

ಚೌಕಟ್ಟು: ಯಾವ ಹಕ್ಕಿ ಸಾಕಬಹುದು?
ನಮ್ಮ ಕಾಡು ಹೊಲಗಳ ಗಿಣಿ, ಮುನಿಯಾಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಜರಿಗಾರ್, ಕಾಕಟೀಲ್‌ಗಳಿಗೆ ಈ ತಡೆಯಿಲ್ಲ. ಮಕಾವ್, ಕಾಕಟೂ, ಆಫ್ರಿಕನ್ ಬೂದು ಗಿಳಿಗಳಂಥ ವಿದೇಶಿ ಹಕ್ಕಿಗಳಿದ್ದರೆ ಸರ್ಕಾರದಲ್ಲಿ ನೋಂದಣಿ ಕಡ್ಡಾಯ.

ಕೊಕ್ಕರೆ ರೋಗದ ನೆರಳು

ಪಂಜರದ ಹಕ್ಕಿಯೂ ಅಂಗಳದ ಕೋಳಿಯೂ ಒಂದೇ ಸೂರಿನಡಿ ಇರುವ ನಮ್ಮ ಮನೆಗಳಲ್ಲಿ ಒಂದರ ರೋಗ ಇನ್ನೊಂದಕ್ಕೆ ದಾಟುತ್ತದೆ. ಕೊಕ್ಕರೆ ರೋಗ ಎಂದು ನಮ್ಮವರು ಕರೆಯುವ ರಾಣಿಖೇತ್ ಕಾಯಿಲೆ ಹಳ್ಳಿಯ ಕೋಳಿಗಳನ್ನು ಒಂದೇ ವಾರದಲ್ಲಿ ಗುಡಿಸಿಹಾಕುವುದನ್ನು ಕಾಣದವರಿಲ್ಲ. ಹಸಿರು ನೀರು ಹಿಕ್ಕೆ, ಏದುಸಿರು, ತಿರುಚಿದ ಕತ್ತು. ಪಾರಿವಾಳದಲ್ಲೂ ಇದೇ ಗುಂಪಿನ ವೈರಸ್ ಕತ್ತು ತಿರುಚುತ್ತದೆ. ಬಂದ ಮೇಲೆ ಔಷಧಿಯಿಲ್ಲ, ಬರುವ ಮೊದಲು ಲಸಿಕೆಯಿದೆ. ಸಂತೆಯಿಂದ ತಂದ ಹೊಸ ಕೋಳಿಯನ್ನು ಕೆಲವು ವಾರ ಬೇರೆಯಿಡಿ, ಅದನ್ನು ಮುಟ್ಟಿದ ಕೈಯಲ್ಲಿ ಪಂಜರ ಮುಟ್ಟಬೇಡಿ.

2025ರ ಬೇಸಿಗೆಯ ಆರಂಭದಲ್ಲಿ ಪಕ್ಕದ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಕೋಳಿಗಳು ಸತ್ತು ಹಕ್ಕಿಜ್ವರ ದೃಢಪಟ್ಟದ್ದು ಈ ಭಾಗದವರಿಗೆ ನೆನಪಿರಬೇಕು. ಒಂದೇ ಬಾರಿಗೆ ಹಲವು ಕೋಳಿ, ಕಾಗೆ, ಪಾರಿವಾಳ ಸತ್ತುಬಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಸತ್ತದ್ದನ್ನು ಸಾರು ಮಾಡುವ ಮಾತು ಬೇಡವೇ ಬೇಡ.

ಚೌಕಟ್ಟು: ಕಾಯದೆ ಹೊರಡಿ
ಸುಮ್ಮನೆ ಕೂತಾಗಲೂ ಬಾಲ ತೂಗುವ ಉಸಿರು. ನಿಲ್ಲದ ರಕ್ತ. ತಳದಲ್ಲಿ ಬಿದ್ದು ಏಳದಿರುವುದು. ಮೊಟ್ಟೆ ಸಿಕ್ಕಿ ತಿಣುಕುವುದು. ಬೆಕ್ಕು ಕಚ್ಚಿದ ಗಾಯ, ಎಷ್ಟೇ ಸಣ್ಣದಾದರೂ. ಸೆಳವು, ತಿರುಚಿದ ಕತ್ತು. ಒಂದು ಹಗಲು ಏನೂ ತಿನ್ನದಿರುವುದು. ಇದ್ದಕ್ಕಿದ್ದಂತೆ ದನಿ ಬದಲಾದದ್ದು ಅಥವಾ ನಿಂತದ್ದು.

ಕೂಡ್ಲಿಗಿಯ ದಾರಿಯಲ್ಲಿ

ಹಕ್ಕಿಗಳಿಗೇ ಮೀಸಲಾದ ವೈದ್ಯರು ದೊಡ್ಡ ನಗರಗಳಲ್ಲೇ ವಿರಳ. ನಮ್ಮಲ್ಲಿ ಪಶು ಆಸ್ಪತ್ರೆಯೇ ಗತಿ. ಎಮ್ಮೆ, ಕುರಿಗಳ ಸಾಲಿನಲ್ಲಿ 35 ಗ್ರಾಂನ ಜೀವ ಹಿಡಿದು ನಿಲ್ಲಲು ಸಂಕೋಚಪಡುವವರಿದ್ದಾರೆ. ಸಂಕೋಚ ಬೇಡ. ಕೋಳಿಗೆ ಮದ್ದು ಕೊಡುವ ವೈದ್ಯರಿಗೆ ಈ ಮೈಯ ಒಳಗು ಹೊಸದಲ್ಲ, ಪ್ರಮಾಣವಷ್ಟೇ ಬೇರೆ. ನಾವೇ ಪ್ಯಾರಾಸಿಟಮಾಲ್ ಚೂರು ಮಾಡಿ ನೀರಿಗೆ ಹಾಕುವ ಕೆಲಸವನ್ನು ಮಾತ್ರ ಮಾಡಬಾರದು.

ಕರೆದೊಯ್ಯುವಾಗ ಪಂಜರ ಬೇಡ, ಬೈಕಿನ ಗಾಳಿಗೆ ಹಕ್ಕಿ ಬೆದರಿ ಸಾಯಬಹುದು. ಮುಚ್ಚಳಕ್ಕೆ ತೂತು ಕೊರೆದ ರಟ್ಟಿನ ಪೆಟ್ಟಿಗೆ ಸಾಕು, ಕತ್ತಲೆಯಲ್ಲಿ ಅದು ಸುಮ್ಮನಿರುತ್ತದೆ. ತಳಕ್ಕೆ ಜಾರದಂತೆ ಬಟ್ಟೆ. ಕಾಯಿಲೆ ಹಕ್ಕಿಗೆ ಬೆಚ್ಚಗಿರಬೇಕು, ಹೊರಗೆ ಬಿಸಿಲು ಸುಡುತ್ತಿದ್ದು, ತುರ್ತು ಇಲ್ಲದಿದ್ದರೆ ಮಾತ್ರ ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಹೊರಡಿ. ತಿಂದ ಕಾಳಿನ ಚಿಟಿಕೆ, ಕ್ಯಾಲೆಂಡರಿನಲ್ಲಿ ಬರೆದ ತೂಕ, ಉಸಿರಾಡುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೊ ಜೊತೆಗಿರಲಿ. ಮೇಜಿನ ಮೇಲೆ ಇಟ್ಟೊಡನೆ ಹಕ್ಕಿ ಮತ್ತೆ ಗಟ್ಟಿಗನ ವೇಷ ಹಾಕುತ್ತದೆ. ಹಿಕ್ಕೆ ಬಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಳ್ಳಲು ಮರೆಯಬೇಡಿ. ಅನುಭವಿ ವೈದ್ಯರು ಹಕ್ಕಿಗಿಂತ ಮೊದಲು ಕೇಳುವುದು ಅದನ್ನೇ.